ಗಾಜಿನ ಮುಸುರೆ

ಬೇರೆಯವರು ಫೋನ್ ಮಾಡಿದರೆ ಮೊದಲು 'ಊಟ ಆಯ್ತಾ' ಎಂದು ಕೇಳುತ್ತಾರೆ. ಹಾರೋಹಳ್ಳಿಯ ಬಣ್ಣದ ಗಾಜಿನ ವರ್ಕ್‌ಶಾಪಿನಲ್ಲಿ ಒಟ್ಟಿಗೆ ದುಡಿದ ನಾವು ಮಾತ್ರ 'ಮಿಷನ್ ತೊಳ್ದಾ' ಎಂದು ಕೇಳುತ್ತೇವೆ. ವರ್ಕ್‌ಶಾಪು ಮುಚ್ಚಿ ವರ್ಷಗಳೇ ಆಗಿಹೋದವು. ನನ್ನ ಜೊತೆ ಅಲ್ಲಿದ್ದ ಶಶಿಕಲಾ ಈಗ ಮಾಗಡಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ಅವಳ ಹತ್ತಿರ ತೊಳೆಯುವಂಥ ಮಿಷನ್ನೇ ಇಲ್ಲ. ಆದರೂ ಮೊನ್ನೆ ಸಂಜೆ ಫೋನ್ ಮಾಡಿದವಳು ಅದನ್ನೇ ಕೇಳಿದಳು. ಇನ್ನೂ ಇಲ್ಲ, ತೊಳೆಯಬೇಕು ಎಂದೆ. ಆಮೇಲೆ, ಅಕ್ಕ ಹೋಗಿಬಿಟ್ಟರಂತೆ ಎಂದಳು.

ಫೋನ್ ಇಟ್ಟು ಮೊದಲು ಗಾಜು ಸವೆಸುವ ಮಿಷನ್ ತೊಳೆದೆ. ಆಮೇಲೆ ಕನಕಪುರದ ನನ್ನ ಗಾಜಿನ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತು ಅತ್ತೆ. ಎರಡನ್ನೂ ತಿರುಗುಮುರುಗು ಮಾಡಿದ್ದರೆ ಅಕ್ಕ ಎಲ್ಲಿದ್ದರೂ ಬೈಯುತ್ತಿದ್ದರು.

ಅಕ್ಕ ಎಂದೆನೇ ಹೊರತು ವಯಸ್ಸಿನಲ್ಲಿ ಅವರು ನನ್ನ ತಾಯಿಗೆ ಸಮ. ಹೆಸರು ಬರೆಯುವುದಿಲ್ಲ, ಆ ಹೆಸರಿನಿಂದ ನಾವು ಯಾರೂ ಅವರನ್ನು ಕರೆದಿಲ್ಲ. ಚನ್ನಪಟ್ಟಣದ ಆಚೆ, ವಿರೂಪಾಕ್ಷಿಪುರದ ಕಡೆಯವರು. ಗದ್ದೆ, ತೆಂಗು, ಹಿಪ್ಪುನೇರಳೆ ಎಲ್ಲ ಇದ್ದ ಒಕ್ಕಲು ಮನೆ. ಹೊಟ್ಟೆಪಾಡಿಗೆ ಕೆಲಸಕ್ಕೆ ಬಂದವರಲ್ಲ, ಸಿಟ್ಟು ಮಾಡಿಕೊಂಡು ಬಂದವರು. ಕೂಡು ಕುಟುಂಬದಲ್ಲಿ ಓರಗಿತ್ತಿಯೊಬ್ಬಳು ಬಾಡಿನ ಸಾರಿನ ಸೌಟನ್ನು ತೊಳೆಯದೆ ಮೊಸರಿನ ಗಡಿಗೆಗೆ ಅದ್ದಿದಳಂತೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮುಸುರೆ ಎಂಬುದೊಂದು ಇರುತ್ತದೆ, ಉಂಡ ತಟ್ಟೆ ಬೇರೆ ಕಡೆ, ತೊಳೆದ ತಟ್ಟೆ ಬೇರೆ ಕಡೆ. ಆದರೆ ಅದಕ್ಕಾಗಿ ಯಾರೂ ಮನೆ ಬಿಡುವುದಿಲ್ಲ. ಅಕ್ಕ ಬಿಟ್ಟರು. ಗಂಡನಿಗೆ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿದ್ದೇ ನೆಪ, ಪಾತ್ರೆಗಳನ್ನೆಲ್ಲ ಬೂದಿ ಹಾಕಿ ಉಜ್ಜಿ ಮೂಟೆ ಕಟ್ಟಿಕೊಂಡು ಬಂದುಬಿಟ್ಟರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ನಮ್ಮ ವರ್ಕ್‌ಶಾಪಿಗೆ ಅಡುಗೆಗೆ ಸೇರಿಕೊಂಡರು.

ಅಲ್ಲಿ ನಾವು ಬಣ್ಣಬಣ್ಣದ ಗಾಜನ್ನು ತುಂಡು ಮಾಡಿ, ಸೀಸದ ಪಟ್ಟಿಯಲ್ಲಿ ಜೋಡಿಸಿ, ಬೆಂಗಳೂರಿನ ದೊಡ್ಡ ಮನೆಗಳ ಬಾಗಿಲಿಗೆ ನವಿಲು, ಕಮಲ, ದ್ರಾಕ್ಷಿ ಗೊಂಚಲು ಮಾಡುತ್ತಿದ್ದೆವು. ಅಕ್ಕನಿಗೆ ಈ ಕಲೆಯ ಮೇಲೆ ಕೊನೆಯವರೆಗೂ ಗೌರವ ಹುಟ್ಟಲಿಲ್ಲ. ಚೆನ್ನಾಗಿರುವ ಗಾಜನ್ನು ಕತ್ತರಿಸುವುದೇಕೆ, ಕತ್ತರಿಸಿದ್ದನ್ನು ಮತ್ತೆ ಸೇರಿಸುವುದೇಕೆ ಎಂದು ಕೇಳುತ್ತಿದ್ದರು. ನಾನು ಸುಮಾರು ದಿನ ಕೂತು ಮಾಡಿದ ನವಿಲನ್ನು ತೋರಿಸಿದಾಗ, ಕಾಲು ಕೋಳಿಯದಾಗಿದೆ ಎಂದು ಹೇಳಿ ಒಗ್ಗರಣೆ ಹಾಕಲು ಹೋದರು. ಕೋಪ ಬಂತು. ಆಮೇಲೆ ನೋಡಿದರೆ ಕೋಳಿಯದೇ ಆಗಿತ್ತು.

ಆದರೆ ಗ್ರೈಂಡರ್ ಅವರ ಕಣ್ಣಿಗೆ ಬಿತ್ತು. ಇದು ದೋಸೆ ಹಿಟ್ಟಿನ ಗ್ರೈಂಡರ್ ಅಲ್ಲ. ಹಾಲಿನ ಕ್ಯಾನಿನಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಜಾಲರಿ, ನಡುವೆ ವಜ್ರದ ಪುಡಿ ಅಂಟಿಸಿದ ಬೆರಳು ಗಾತ್ರದ ಉರುಳೆ. ಮೋಟಾರು ಉರುಳೆಯನ್ನು ತಿರುಗಿಸುತ್ತದೆ, ಹಿಂದಿನಿಂದ ಒಂದು ಸ್ಪಂಜು ಅದನ್ನು ಒದ್ದೆ ಮಾಡುತ್ತಿರುತ್ತದೆ, ಗಾಜಿನ ಅಂಚನ್ನು ಅದಕ್ಕೆ ಹಿಡಿದು ನಯ ಮಾಡಬೇಕು. ಸವೆದ ಗಾಜೆಲ್ಲ ಕೆಳಗಿನ ತಟ್ಟೆಯ ನೀರಿಗೆ ಬಿದ್ದು, ಸಂಜೆಯ ಹೊತ್ತಿಗೆ ಬೆಳ್ಳಗೆ ಗಂಜಿಯ ಹಾಗೆ ಕೂತಿರುತ್ತದೆ. ಬಿಟ್ಟರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಒಣಗಿ ಪುಡಿ ಎದ್ದರೆ ಉಸಿರಿನ ಜೊತೆ ಎದೆಗೆ ಹೋಗುತ್ತದೆ. ಮಾಲೀಕರು ಇದನ್ನೆಲ್ಲ ನಮಗೆ ಹೇಳಿದ್ದರು. ನಾವು ತಲೆ ಆಡಿಸಿದ್ದೆವು.

ಅಕ್ಕ ಬಂದ ಮೊದಲ ದಿನವೇ ಶಶಿಕಲಾ ಬರಿಗೈಯಲ್ಲಿ ಆ ತಟ್ಟೆ ಬಳಿದು, ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಊಟಕ್ಕೆ ಕೂತಳು. ಮುದ್ದೆಗೆ ಕೈ ಹಾಕಬೇಕು, ಅಷ್ಟರಲ್ಲಿ ಅಕ್ಕ ತಟ್ಟೆಯನ್ನೇ ಎಳೆದುಕೊಂಡರು. ಆ ಬಿಳಿ ಗಂಜಿ ಏನೆಂದು ವಿಚಾರಿಸಿದರು. ಗಾಜು ಎಂದು ತಿಳಿದ ಮೇಲೆ ಅವರ ಮುಖ ನೋಡಬೇಕಿತ್ತು, ಬಾಡಿನ ಸೌಟು ಮೊಸರಿಗೆ ಬಿದ್ದ ದಿನವೂ ಅಷ್ಟು ಕೆಂಪಾಗಿರಲಾರದು.

"ಇದು ಗಾಜಿನ ಮುಸುರೆ," ಎಂದರು. "ಇವತ್ತಿಂದ ಇದನ್ನ ನಾನ್ ನೋಡ್ಕತೀನಿ."

ಮಾಲೀಕರನ್ನು ಕೇಳಲಿಲ್ಲ. ಸಂಬಳ ಜಾಸ್ತಿ ಕೇಳಲಿಲ್ಲ. ಅಡುಗೆಯವರಾಗಿ ಬಂದವರು ಊಟ ಮುಗಿಯುವ ಹೊತ್ತಿಗೆ ನಮ್ಮ ಮೇಲೆ ಅಧಿಕಾರಿಯಾಗಿದ್ದರು. ಮಾಲೀಕರ ಮಾತಿಗೆ ತಲೆ ಆಡಿಸಿ ಸುಮ್ಮನಾಗಬಹುದಿತ್ತು. ಅಕ್ಕನ ಮಾತಿಗೆ ಹಾಗೆ ಆಗುತ್ತಿರಲಿಲ್ಲ, ಏಕೆಂದರೆ ಸಾರಿನ ಪಾತ್ರೆ ಅವರ ಕೈಯಲ್ಲಿತ್ತು.

ಅವರ ಮೊದಲ ಕಾನೂನು ಪ್ಲಗ್ಗಿನದು. ಸ್ವಿಚ್ಚು ಆರಿಸಿದರೆ ಅವರಿಗೆ ಸಾಲದು, ಪ್ಲಗ್ಗು ಕಿತ್ತು ತಮ್ಮ ಹೆಗಲ ಮೇಲೆ ಹಾಕಿಕೊಂಡ ಮೇಲೆಯೇ ಮಿಷನ್ನಿಗೆ ಕೈ. ಆಗೆಲ್ಲ ಕರೆಂಟು ಹೋಗುವುದಕ್ಕೂ ಬರುವುದಕ್ಕೂ ಲೆಕ್ಕವಿರಲಿಲ್ಲ. ಕರೆಂಟು ಹೋದಾಗ ತೊಳೆಯೋಣ ಎಂದು ನಾವು ಉರುಳೆಗೆ ಕೈ ಹಾಕಿರುತ್ತಿದ್ದೆವು, ಬಂದರೆ ಅದು ತಾನಾಗಿಯೇ ತಿರುಗುತ್ತದೆ ಎಂಬುದು ನೆನಪಿರುತ್ತಿರಲಿಲ್ಲ. ಅಕ್ಕನಿಗೆ ಇರುತ್ತಿತ್ತು. ಕತ್ತಲಾದ ಕೂಡಲೇ ಮೇಜಿನಿಂದ ಮೇಜಿಗೆ ಹೋಗಿ ಎಲ್ಲ ಪ್ಲಗ್ಗು ಕಿತ್ತು, ವೈರುಗಳನ್ನು ಸುತ್ತಿ ಗಂಟು ಹಾಕಿಬಿಡುತ್ತಿದ್ದರು. ಕರೆಂಟು ಬಂದು ಸುತ್ತಮುತ್ತಲ ಫ್ಯಾಕ್ಟರಿಗಳೆಲ್ಲ ಗುಂಯ್ ಎನ್ನುತ್ತಿದ್ದರೆ, ನಾವು ಮಾತ್ರ ಅಕ್ಕ ಅಡುಗೆಗೆ ನೀರು ಹಿಡಿದುಕೊಂಡು ವಾಪಸು ಬರುವವರೆಗೆ ಕೈಕಟ್ಟಿ ಕೂತಿರುತ್ತಿದ್ದೆವು. ಗಂಟು ಬಿಚ್ಚುವ ಧೈರ್ಯ ಮಾಲೀಕರಿಗೂ ಇರಲಿಲ್ಲ.

ಒಣಗಿದ ಗಾಜಿನ ಪುಡಿಯನ್ನು ಗುಡಿಸುವಂತಿಲ್ಲ, ಮೊದಲು ನೀರು ಚಿಮುಕಿಸಬೇಕು. ಊದುವಂತೆಯೂ ಇಲ್ಲ. ಶಶಿಕಲಾ ಒಮ್ಮೆ ಜಾಲರಿಯ ಮೇಲಿನ ಪುಡಿಯನ್ನು ಒಲೆ ಊದುವ ಹಾಗೆ ಉಫ್ ಎಂದು ಊದಿದಳು. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳ ಬಾಯಿ ಮುಚ್ಚಿದರು. ಆ ದಿನವೆಲ್ಲ ಅವಳ ಮೂತಿ ರಾಗಿ ಹಿಟ್ಟಾಗಿತ್ತು. ಸ್ಪಂಜನ್ನು ರಬ್ಬರಿನ ಗ್ಲೌಸಿಲ್ಲದೆ ಹಿಂಡುವಂತಿಲ್ಲ. ಕೈಗೆ ಗಾಜಿನ ನೀರು ತಾಗಿದರೆ ಉಜ್ಜುವಂತಿಲ್ಲ, ಸುರಿಯುವ ನೀರಿಗೆ ಸುಮ್ಮನೆ ಒಡ್ಡಿ ನಿಲ್ಲಬೇಕು. ಉಜ್ಜಿದರೆ ಕಾಣದ ಚೂರು ಚರ್ಮಕ್ಕೆ ಇಳಿಯುತ್ತದೆ. ಒರೆಸಿದ ಬಟ್ಟೆ ಮತ್ತೆ ಯಾವುದಕ್ಕೂ ಬರುವಂತಿಲ್ಲ.

ಕೊನೆಗೆ ಕೈ ತಪಾಸಣೆ. ಕನಕಪುರದ ಬಸ್ಸಿನ ಹಾರನ್ನು ಕೇಳಿಸುತ್ತಿರುತ್ತಿತ್ತು, ನಾವು ಮಾತ್ರ ಟ್ಯೂಬ್‌ಲೈಟಿನ ಕೆಳಗೆ ಅಂಗೈ ಚಾಚಿ ಸಾಲಾಗಿ ನಿಂತಿರುತ್ತಿದ್ದೆವು. ಅಕ್ಕ ಒಂದೊಂದು ಕೈಯನ್ನೂ ಓರೆ ಮಾಡಿ, ಮಿಂಚುತ್ತದಾ ಎಂದು ನೋಡುತ್ತಿದ್ದರು. ಬಸ್ಸು ಹೋಯ್ತಲ್ಲ ಅಕ್ಕ ಎಂದರೆ, ಇನ್ನೊಂದು ಬರುತ್ತದೆ, ಕಣ್ಣು ಇನ್ನೊಂದು ಬರುತ್ತದಾ ಎನ್ನುತ್ತಿದ್ದರು. ಬೈದುಕೊಂಡು ನಡೆಯುತ್ತಿದ್ದೆವು.

ತೊಳೆದ ಮೇಲೆ ಉರುಳೆಯನ್ನು ಸಿಕ್ಕಿಸುವ ಕಂಬಿಗೆ ತುಕ್ಕು ಹಿಡಿಯದಿರಲೆಂದು ಜಿಡ್ಡು ಸವರಬೇಕಿತ್ತು. ಮಾಲೀಕರು ವ್ಯಾಸಲೀನ್ ಡಬ್ಬಿ ತಂದಿಟ್ಟಿದ್ದರು. ಅಕ್ಕ ಅದನ್ನು ತಮ್ಮ ಒಡೆದ ಹಿಮ್ಮಡಿಗೆ ಬಳಸಿ, ಕಂಬಿಗೆ ಮನೆಯಿಂದ ತಂದ ಹರಳೆಣ್ಣೆ ಹಾಕಿದರು. ತಂಪು ಎಂದರು. ಮಿಷನ್ನಿಗೆ ತಂಪು ಹೆಚ್ಚಾಗಿ, ಉರುಳೆ ಕಂಬಿಗೆ ಅಂಟಿಕೊಂಡು ಎರಡು ದಿನ ಬಿಡಿಸಲಾಗಲಿಲ್ಲ. ತಪ್ಪು ಒಪ್ಪಿಕೊಂಡರೇ? ಹರಳೆಣ್ಣೆ ಕಲಬೆರಕೆಯದು ಎಂದು ಗಾಣದವನನ್ನು ಬೈದರು. ಅವರ ಲೋಕದಲ್ಲಿ ತಪ್ಪು ಎಂಬುದು ಯಾವಾಗಲೂ ಬೇರೆಯವರ ಕೈಯಿಂದ ಬರುತ್ತಿತ್ತು, ಮುಖ್ಯವಾಗಿ ತೊಳೆಯದ ಕೈಯಿಂದ.

ಇನ್ನು ಬಕೆಟ್ಟಿನ ವಿಷಯ. ಗಾಜಿನ ಗಂಜಿಯನ್ನು ಸಿಂಕಿಗೆ ಸುರಿದರೆ ಪೈಪಿನಲ್ಲಿ ಕಲ್ಲಾಗುತ್ತದೆ. ಆದ್ದರಿಂದ ಅಕ್ಕ ಅದಕ್ಕೊಂದು ಬಕೆಟ್ಟು ಇಟ್ಟು, ಮೂಲೆಯಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಕೆಳಗಿನ ಕೆಸರನ್ನು ಒದ್ದೆಯಿರುವಾಗಲೇ ಪೇಪರಿನಲ್ಲಿ ಸುತ್ತಿ ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದರು. ಇದು ಒಳಗಿನ ಬಕೆಟ್ಟು. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಇನ್ನೊಂದು ಬಕೆಟ್ಟು ಇರುತ್ತಿತ್ತು. ಅದು ಪುಟ್ಟಮ್ಮನದು.

ಪುಟ್ಟಮ್ಮ ನಮ್ಮ ಕಾಂಪೌಂಡಿನ ಹಿಂದಿನ ಮನೆಯವರು. ಅವರ ಹೊಲದ ಮುಕ್ಕಾಲು ಭಾಗ ಇಂಡಸ್ಟ್ರಿಯಲ್ ಏರಿಯಾಗೆ ಹೋಗಿತ್ತು. ಗಂಡುಮಕ್ಕಳು ಅದೇ ಏರಿಯಾದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಪುಟ್ಟಮ್ಮ ಮಾತ್ರ ಯಾವ ಫ್ಯಾಕ್ಟರಿಗೂ ಸೊಪ್ಪು ಹಾಕದೆ ಒಂದು ಹಸು ಕಟ್ಟಿಕೊಂಡಿದ್ದರು. ಹೆಸರು ಗೌರಿ. ನಮ್ಮ ಟೀ ಹಾಲು ಗೌರಿಯದು, ನಮ್ಮ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಯ ಕಲಗಚ್ಚು ಗೌರಿಗೆ. ಹಿತ್ತಿಲ ಮೆಟ್ಟಿಲ ಮೇಲೆ ಬೆಳ್ಳಗೆ ಏನಿದ್ದರೂ ಅದು ಹಸುವಿನದು ಎಂದು ಅಕ್ಕ, ಪುಟ್ಟಮ್ಮ ಇಬ್ಬರೂ ಮಾತಾಡಿಕೊಂಡಿದ್ದರು. ಬಕೆಟ್ಟು ಎತ್ತಿಕೊಂಡು ಹೋಗಲು ಯಾರನ್ನೂ ಕೂಗಬೇಕಾಗಿರಲಿಲ್ಲ.

ಆಯುಧಪೂಜೆ ಬಂತು. ಬೆಳಗಿನಿಂದ ಅಕ್ಕನದೇ ಆಡಳಿತ. ಗ್ರೈಂಡರುಗಳನ್ನು ಬಿಚ್ಚಿ, ತೊಳೆದು, ಒರೆಸಿ, ವಿಭೂತಿ ಹಚ್ಚಿ ಸಾಲಾಗಿ ಕೂರಿಸಿದರು. ಆ ದಿನ ಎಲ್ಲ ಮಿಷನ್ನಿನ ತಳದ ಕೆಸರು ಸೇರಿ ಗಾಜಿನ ಬಕೆಟ್ಟು ತುಂಬಿತ್ತು. ಮಾಲೀಕರು ಬರುವ ಹೊತ್ತಾಯಿತು, ಮಂಗಳಾರತಿ ತಟ್ಟೆ ಸಿದ್ಧವಾಯಿತು. ಆಗ ಅಕ್ಕನ ಕಣ್ಣು ಮೂಲೆಯ ಬಕೆಟ್ಟಿನ ಮೇಲೆ ಬಿತ್ತು. ಪೂಜೆಯ ಮನೆಯಲ್ಲಿ ಮುಸುರೆಯೇ? ಎತ್ತಿ ಹಿತ್ತಿಲ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಇಟ್ಟುಬಂದರು. ಕೈ ತೊಳೆದುಕೊಂಡು ಗಂಟೆ ಬಾರಿಸಿದರು.

ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ, ಮಾಲೀಕರು ಬೆಂಗಳೂರಿಗೆ ಹೊರಟ ಮೇಲೆ ಅಕ್ಕ ಬಕೆಟ್ಟು ಒಳಗೆ ತರಲು ಹೋದರು. ಮೆಟ್ಟಿಲು ಖಾಲಿ ಇತ್ತು. ಎರಡು ಬಕೆಟ್ಟೂ ಇರಲಿಲ್ಲ.

ಅಕ್ಕ ರೇಷ್ಮೆ ಸೀರೆ ಎತ್ತಿ ಕಟ್ಟಿ ಓಡಿದರು. ಅವರು ಓಡಿದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ, ಏನೋ ಆಗಿದೆ ಎಂದು ನಾನೂ ಶಶಿಕಲಾನೂ ಹಿಂದೆಯೇ ಓಡಿದೆವು. ಪುಟ್ಟಮ್ಮನ ಮನೆಯಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಬಕೆಟ್ಟೂ ಬೋರಲು ಬಿದ್ದಿದ್ದವು. ಕಲ್ಲಿನ ಬಾನಿ ಖಾಲಿ, ತಳ ಇನ್ನೂ ಒದ್ದೆ. ಗೌರಿ ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತಾ ನಮ್ಮನ್ನು ನೋಡಿತು.

ಅಕ್ಕ ಅದರ ಮುಂದೆ ಕೂತರು.

"ನಾನೇ ಮಡಗಿದ್ದು," ಎಂದರು. "ಈ ಕೈಯಾಗೇ ತಂದು ಮಡಗ್ದೆ ಕಣ್ರೋ."

ಗಾಜು ಕುಡಿದ ಹಸು ಉಳಿಯುತ್ತದೆಯೇ? ಪುಟ್ಟಮ್ಮನ ಹೊಲ ಹೋದಾಗ ಉಳಿದಿದ್ದು ಅದೊಂದೇ. ಅಕ್ಕ ಎದ್ದು ಹಸುವಿನ ಬಾಯಿ ತೆರೆಯಲು ಹೋದರು. ಬಾಯಿ ಬಿಡವ್ವ, ನಾಲಿಗೆ ತೋರವ್ವ ಎಂದು ಅಳುತ್ತಾ ದವಡೆಗೆ ಕೈ ಹಾಕಿದರು. ಗೌರಿ ಇದೇನೋ ಹಬ್ಬದ ಉಪಚಾರ ಎಂದು ತಿಳಿದು ಅವರ ಮುಖವನ್ನು ಒಮ್ಮೆ ಉದ್ದಕ್ಕೆ ನೆಕ್ಕಿತು. ಹಣೆಯ ಕುಂಕುಮ ಹೋಯಿತು. ಎರಡನೆಯ ಸಲಕ್ಕೆ ಮುಡಿದಿದ್ದ ಸೇವಂತಿಗೆ ದಂಡೆಯನ್ನು ಪೂರ್ತಿ ಎಳೆದುಕೊಂಡು ಅಗಿಯತೊಡಗಿತು. ಅಷ್ಟು ಭಯದಲ್ಲೂ ಶಶಿಕಲಾಗೆ ನಗು ಬಂದು ಸೆರಗು ಕಚ್ಚಿಕೊಂಡಳು. ಅಕ್ಕನಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಹೂವಿನ ಜೊತೆ ರಕ್ತ ಬರುತ್ತದಾ ಎಂದು ಜೊಲ್ಲು ನೋಡುತ್ತಿದ್ದರು.

ನಾನು ದನದ ಡಾಕ್ಟರಿಗೆ ಹೇಳಿಕಳಿಸಲು ಹೊರಡಬೇಕು, ಅಷ್ಟರಲ್ಲಿ ಪುಟ್ಟಮ್ಮ ಬಂದರು. ನಮ್ಮ ಮುಂದಿನ ಗೇಟಿಗೆ ಸುತ್ತು ಹಾಕಿ, ಜಗಳಕ್ಕೆ ಯಾರೂ ಸಿಗದೆ ಸಿಟ್ಟಿನಲ್ಲಿ ವಾಪಸು ಬಂದಿದ್ದರು. ಮುತ್ತುಗದ ಎಲೆಯಲ್ಲಿ ಒಂದು ಹಿಡಿ ಬಿಳಿ ಕೆಸರು ಹಿಡಿದಿದ್ದರು.

"ಹಬ್ಬದ್ ದಿನ ಮಳ್ಳಕ್ಕಿ ಬೇಯಿಸ್ತೀರೇನವ್ವಾ?" ಎಂದು ಎಲೆಯನ್ನು ಅಕ್ಕನ ಮೂಗಿಗೆ ಹಿಡಿದರು. "ನೋಡು, ಎಷ್ಟ್ ಮರಳೈತೆ. ಇಂಥದ್ ನನ್ ಹಸ ಕುಡಿಯಕಿಲ್ಲ. ತಿಪ್ಪೆಗ್ ಸುರ್ದೆ."

ಬಾನಿಗೆ ಸುರಿಯುವ ಮುಂಚೆ ಬಕೆಟ್ಟಿನ ತಳಕ್ಕೆ ಕೈಯಾಡಿಸಿ ನೋಡುವುದು ಪುಟ್ಟಮ್ಮನ ರೂಢಿಯಂತೆ, ಕಲಗಚ್ಚಿನಲ್ಲಿ ಚಮಚ, ಬೆಂಕಿಪೊಟ್ಟಣ ಏನೆಲ್ಲ ಬಂದಿರುತ್ತದೆ. ಮೊದಲ ಬಕೆಟ್ಟು ಸರಿಯಿತ್ತು, ಗೌರಿ ಕುಡಿಯಿತು. ಎರಡನೆಯದು ಚುರುಚುರು ಎಂದಿತು.

ಬದುಕಿದೆವು ಎಂದುಕೊಂಡೆ. ಶಶಿಕಲಾ ಅಕ್ಕನ ತೋಳು ಚಿವುಟಿದಳು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಮರಳಕ್ಕಿ ಎಂದು ಪುಟ್ಟಮ್ಮನೇ ಹೇಳಿಯಾಗಿದೆ, ಹೌದು ತಾಯಿ, ಅಂಗಡಿಯವನು ಮೋಸ ಮಾಡಿದ ಎಂದರೆ ಸಾಕು. ಬೇರೆಯವರ ಮೇಲೆ ಹಾಕುವುದು ಅಕ್ಕನಿಗೆ ಹೊಸದಲ್ಲ.

ಆದರೆ ಅಕ್ಕ ನೋಡುತ್ತಿದ್ದದ್ದು ಪುಟ್ಟಮ್ಮನ ಕೈಯನ್ನು.

"ಉಜ್ಬ್ಯಾಡ," ಎಂದರು. "ಅದು ಅಕ್ಕಿಯಲ್ಲ ಕಣವ್ವ, ಗಾಜು. ನಾನ್ ಮಡಗಿದ್ದು."

ಪುಟ್ಟಮ್ಮ ಎಲೆಯನ್ನು ನೋಡಿದರು, ಹಸುವನ್ನು ನೋಡಿದರು, ಅಕ್ಕನನ್ನು ನೋಡಿದರು. ಬಾಯಿ ತೆರೆಯುವ ಮೊದಲೇ ಅಕ್ಕ ಅವರ ಮಣಿಕಟ್ಟು ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿಯಾಗಿತ್ತು. ನೀರು ಸುರಿಯುತ್ತಲೇ ಇತ್ತು, ಪುಟ್ಟಮ್ಮ ಬೈಯುತ್ತಲೇ ಇದ್ದರು, ನಮ್ಮ ಕಡೆಯ ಬೈಗುಳದಲ್ಲಿ ಬಿಟ್ಟದ್ದು ಯಾವುದೂ ಇರಲಿಲ್ಲ. ಅಕ್ಕ ಎಲ್ಲಕ್ಕೂ ಹೂಂ ಎನ್ನುತ್ತಾ ಆ ಅಂಗೈಗಳನ್ನು ಬಿಸಿಲಿಗೆ ಓರೆ ಮಾಡಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಸಣ್ಣದೊಂದು ಚೂರು ಸಿಕ್ಕಿತು, ಸೂಜಿಯಲ್ಲಿ ತೆಗೆದರು.

ಅಷ್ಟಕ್ಕೇ ಬಿಡಲಿಲ್ಲ. ತಿಪ್ಪೆ ಒಣಗಿದರೆ ಪುಡಿ ಏಳುತ್ತದೆ, ಗೊಬ್ಬರ ಹೊಲಕ್ಕೆ ಹೋದರೆ ಬರಿಗಾಲಿಗೆ ಚುಚ್ಚುತ್ತದೆ. ಅದೇ ರೇಷ್ಮೆ ಸೀರೆಯಲ್ಲಿ, ಕುಂಕುಮ ಅಳಿಸಿದ ಮುಖದಲ್ಲಿ, ತಿಪ್ಪೆಗೆ ನೀರು ಹಾಕಿ ಗಾಜು ಬಿದ್ದ ಜಾಗವನ್ನೆಲ್ಲ ಮೊಣಕಾಲುದ್ದ ತೋಡಿಸಿ ಚೀಲಕ್ಕೆ ತುಂಬಿಸಿದರು. ತೋಡಿದವನು ನಾನು. ಪುರಿ ಕಡಲೆ ಇನ್ನೂ ಜೇಬಿನಲ್ಲೇ ಇತ್ತು.

ಸಂಜೆ ಪುಟ್ಟಮ್ಮನ ಸಿಟ್ಟು ಇಳಿದು ಮಾತುಕತೆ ಕುದುರಿತು. ಹಾಲು ನಿಲ್ಲಿಸುವುದಿಲ್ಲ, ಕಲಗಚ್ಚನ್ನೂ ಬಿಡುವುದಿಲ್ಲ, ಆದರೆ ಒಂದು ಷರತ್ತು ಎಂದರು.

"ಇನ್ಮ್ಯಾಕೆ ಬಕೆಟ್ಟು ನೀನೇ ಹೊತ್ಕಂಡ್ ಬಾ. ಮೊದ್ಲು ನೀನ್ ಒಂದ್ ಗುಟುಕು ಕುಡ್ದು ತೋರ್ಸು. ಆಮ್ಯಾಕೆ ನನ್ ಗೌರಿ ಕುಡೀತಾಳೆ."

ನಾನೂ ಶಶಿಕಲಾನೂ ಮುಖ ಮುಖ ನೋಡಿಕೊಂಡೆವು. ಬೇರೆಯವರ ತುಟಿ ತಾಗಿದ ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜದೆ ಮುಟ್ಟದ ಹೆಂಗಸು. ಮಜ್ಜಿಗೆಯನ್ನು ಕೂಡ ಎತ್ತಿ ಕುಡಿಯುವವರು. ಒಂದು ಸೌಟಿಗೆ ಊರು ಬಿಟ್ಟವರು. ಅಂಥವರಿಗೆ, ಆಲೂಗಡ್ಡೆ ಸಿಪ್ಪೆ ತೇಲುವ ದನದ ಕಲಗಚ್ಚು.

ಅಕ್ಕ ಮಾರನೆಯ ಸಂಜೆ ಬಕೆಟ್ಟು ಹೊತ್ತು ಕೊಟ್ಟಿಗೆಗೆ ಹೋದರು. ಸಿಪ್ಪೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಬೊಗಸೆಯಲ್ಲಿ ತೆಗೆದು, ಕಣ್ಣು ಮುಚ್ಚಿ ನುಂಗಿದರು. ಗೌರಿಯೂ ಪುಟ್ಟಮ್ಮನೂ ಅವರ ಗಂಟಲನ್ನೇ ನೋಡುತ್ತಿದ್ದರು. ಒಳಗೆ ಹೋಯಿತು ಎಂದು ಖಾತ್ರಿಯಾದ ಮೇಲೆ ಬಾನಿಗೆ ಸುರಿದರು.

ಹೀಗೇ ನಡೆಯಿತು. ಬಸವನ ಹಬ್ಬ ಕಳೆಯುವ ಹೊತ್ತಿಗೆ ಪುಟ್ಟಮ್ಮನಿಗೇ ನಾಚಿಕೆಯಾಗಿ, ಸಾಕು ಬುಡವ್ವ, ನಂಬಿಕೆ ಐತೆ ಎಂದರು. ಅಕ್ಕ ಬಿಡಲಿಲ್ಲ. ನಂಬಿಕೆ ನಿಮಗಿರಬಹುದು, ನನಗಿಲ್ಲ ಎಂದರು. ತಮ್ಮ ಕೈಯ ಮೇಲೆ ಅವರಿಗೇ ಅನುಮಾನ ಹುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ವಿಷಯದಲ್ಲಿ. ನವಿಲಿನ ಕಾಲು, ಬಸ್ಸು, ಹರಳೆಣ್ಣೆ ಇವುಗಳಲ್ಲಿ ಮೊದಲಿನ ಹಾಗೆಯೇ ಇದ್ದರು.

ಮುಂದಿನ ವರ್ಷ ಓರಗಿತ್ತಿಯ ಮಗಳ ಮದುವೆಗೆಂದು ಅಕ್ಕ ಊರಿಗೆ ಹೋದರು. ಸಂಜೆ ಬಕೆಟ್ಟು ನಾನೇ ಹೊತ್ತುಕೊಂಡು ಹೋಗಿ ಬಾನಿಗೆ ಸುರಿದೆ. ಗೌರಿ ಮೂಸಿಯೂ ನೋಡಲಿಲ್ಲ, ಬಾಗಿಲ ಕಡೆ ನೋಡುತ್ತಾ ನಿಂತಿತು. ಪುಟ್ಟಮ್ಮ ನನ್ನನ್ನೂ ಶಶಿಕಲಾನನ್ನೂ ನೋಡಿದರು. ಶಶಿಕಲಾ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿದಳು. ಗೌರಿ ಕದಲಲಿಲ್ಲ. ನಾನೂ ಕುಡಿದೆ. ಅದು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಆಚೆ ತಿರುಗಿ ಹುಲ್ಲಿಗೆ ಬಾಯಿ ಹಾಕಿತು.

ಮದುವೆಯ ಮಾರನೆಯ ದಿನ ಅಕ್ಕ ಬಸ್ಸಿಳಿದರು. ಕೈಯಲ್ಲಿ ಬ್ಯಾಗು, ತಾಂಬೂಲದ ಚೀಲ, ಮೈಮೇಲೆ ಮದುವೆಯ ಸೀರೆ. ವಿಷಯ ತಿಳಿದು ಮನೆಗೂ ಹೋಗದೆ ನೇರ ಕೊಟ್ಟಿಗೆಗೆ ನಡೆದರು. ಕೈ ತೊಳೆದು, ಬೊಗಸೆಯಲ್ಲಿ ಕಲಗಚ್ಚು ತೆಗೆದು ಕುಡಿದು, ಬಾಯಿ ತೆರೆದು ಹಸುವಿಗೆ ತೋರಿಸಿದರು. ಗೌರಿ ಬಾನಿಗೆ ತಲೆ ಹಾಕಿತು.